ಕೆಂಪು ಗುರುತು ಬಿದ್ದರೆ ಸರಿ ಮಾಡುವವರು ಯಾರು?

"ಪ್ರಾಸೆಸ್ ಕಂಪ್ಲೀಟೆಡ್ ವಿತ್ ಎಕ್ಸಿಟ್ ಕೋಡ್ 1." ಕೋಡ್ ಇಟ್ಟು ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ಯಾವುದಾದರೂ ಓಪನ್ ಸೋರ್ಸ್ ಪ್ರಾಜೆಕ್ಟಿಗೆ ಕೋಡ್ ಕಳಿಸಿದವರಿಗೆ ಈ ಸಾಲು ಚೆನ್ನಾಗಿ ಗೊತ್ತು. ಕಳಿಸಿದ್ದು ಮೂರೇ ಸಾಲಿನ ತಿದ್ದುಪಡಿ ಇರಬಹುದು. ಅದರ ಕೆಳಗೆ ಹತ್ತಾರು ತಪಾಸಣೆಗಳ ಪಟ್ಟಿ ಬಿಚ್ಚಿಕೊಳ್ಳುತ್ತದೆ. ಒಂದೆರಡರ ಮುಂದೆ ಕೆಂಪು ಗುರುತು. ಅದನ್ನು ಒತ್ತಿದರೆ ನೂರಾರು ಸಾಲಿನ ಲಾಗ್, ಲಾಗ್‌ನ ಕೊನೆಗೆ ಈ ಸಾಲು. ಏನೋ ತಪ್ಪಾಗಿದೆ ಅಂತ ಮಾತ್ರ ಅದು ಹೇಳುತ್ತದೆ. ಏನು ತಪ್ಪು, ಯಾರ ತಪ್ಪು, ಮುಂದೇನು ಮಾಡಬೇಕು ಅಂತ ಹೇಳುವುದಿಲ್ಲ.

ಪಳಗಿದವರಾದರೆ ಲಾಗನ್ನು ಮೇಲಕ್ಕೆ ಸರಿಸಿ, ಬೇಕಾದ ಸಾಲು ಹುಡುಕಿ, ಎರಡು ನಿಮಿಷದಲ್ಲಿ ಸರಿ ಮಾಡಿ ಮುಗಿಸುತ್ತಾರೆ. ಮೊದಲ ಸಲ ಕಳಿಸಿದವರ ಕಥೆ ಬೇರೆ. ಅವರಿಗೆ ಇದು ಪ್ರಾಜೆಕ್ಟಿನಿಂದ ಬಂದ ಮೊದಲ ಉತ್ತರ. ಇನ್ನೂ ಒಬ್ಬ ಮನುಷ್ಯನೂ ಮಾತಾಡಿಲ್ಲ. ಕೆಲವರು ಪಟ್ಟು ಬಿಡದೆ ಸರಿ ಮಾಡುತ್ತಾರೆ. ಕೆಲವರು ಸುಮ್ನೆ ಟ್ಯಾಬ್ ಮುಚ್ಚಿ ಹೋಗುತ್ತಾರೆ. ಹಾಗೆ ಹೋದವರು ಹೇಳಿ ಹೋಗುವುದಿಲ್ಲ. ಆದ್ದರಿಂದ ಈ ನಷ್ಟ ಪ್ರಾಜೆಕ್ಟ್ ನಡೆಸುವವರ ಕಣ್ಣಿಗೆ ಬೀಳುವುದೇ ಇಲ್ಲ.

ಹಾಗಂತ ತಪಾಸಣೆಗಳನ್ನೆಲ್ಲ ಕಿತ್ತುಹಾಕಿ ಅಂತ ನಾನು ಹೇಳುತ್ತಿಲ್ಲ. ಕಟ್ಟುನಿಟ್ಟು ಎಷ್ಟಿರಬೇಕು, ಸಡಿಲ ಎಷ್ಟಿರಬೇಕು ಅಂತ ಚರ್ಚೆ ಮಾಡುವವರು ಜಾಸ್ತಿ. ನನಗೆ ಆ ಚರ್ಚೆಗಿಂತ ಉಪಯೋಗಕ್ಕೆ ಬರುವುದು ಇನ್ನೊಂದು ಪ್ರಶ್ನೆ: ಈ ತಪಾಸಣೆ ಕೆಂಪಾದರೆ ಅದನ್ನು ಸರಿ ಮಾಡುವುದು ಯಾರ ಕೈಯಲ್ಲಿದೆ? ಯಂತ್ರವೇ ಮಾಡಬಹುದಾ, ಕೋಡ್ ಕಳಿಸಿದವರು ಮಾಡಬೇಕಾ, ಅಥವಾ ಪ್ರಾಜೆಕ್ಟ್‌ನವರು ಮಾತ್ರ ಮಾಡಬಲ್ಲರಾ? ಉತ್ತರ ಬೇರೆ ಬೇರೆ, ಆದರೆ ಕೆಂಪು ಗುರುತು ಮಾತ್ರ ಮೂರಕ್ಕೂ ಒಂದೇ. ಎಡವಟ್ಟು ಆಗುವುದು ಅಲ್ಲೇ.

ಮೊದಲು ಸ್ವಲ್ಪ ಹಿನ್ನೆಲೆ. ಓಪನ್ ಸೋರ್ಸ್ ಪ್ರಾಜೆಕ್ಟಿನ ಕೋಡನ್ನು ಯಾರು ಬೇಕಾದರೂ ಓದಬಹುದು. ನೇರವಾಗಿ ಬದಲಾಯಿಸುವ ಹಕ್ಕು ಮಾತ್ರ ಮೇಂಟೇನರ್ ಅನ್ನಿಸಿಕೊಂಡ ಕೆಲವರಿಗೆ. ಉಳಿದವರು ತಮ್ಮ ಅಕೌಂಟಿಗೆ ಒಂದು ನಕಲು ಮಾಡಿಕೊಳ್ಳುತ್ತಾರೆ, ಅದಕ್ಕೆ ಫೋರ್ಕ್ ಅಂತ ಹೆಸರು. ಅದರಲ್ಲಿ ಬದಲಾವಣೆ ಮಾಡಿ, ಇದನ್ನು ಸೇರಿಸಿಕೊಳ್ಳಿ ಅಂತ ಪುಲ್ ರಿಕ್ವೆಸ್ಟ್ ಕಳಿಸುತ್ತಾರೆ. ಅದು ತಲುಪಿದ ಕೂಡಲೇ ಸಿಐ (ಕಂಟಿನ್ಯುಯಸ್ ಇಂಟಿಗ್ರೇಶನ್) ಅನ್ನುವ ವ್ಯವಸ್ಥೆ ಎಲ್ಲೋ ಒಂದು ಸರ್ವರ್‌ನಲ್ಲಿ ಆ ಕೋಡನ್ನು ಇಳಿಸಿಕೊಂಡು ಪರೀಕ್ಷೆ ಶುರು ಮಾಡುತ್ತದೆ. ಟೆಸ್ಟ್‌ಗಳು ಓಡುತ್ತವೆ. ಫಾರ್ಮ್ಯಾಟರ್ ಬಂದು ಖಾಲಿ ಜಾಗ, ಸಾಲಿನ ಉದ್ದ ನೋಡುತ್ತದೆ. ಲಿಂಟರ್ ಬಳಸದೆ ಬಿಟ್ಟ ವೇರಿಯಬಲ್, ಅನುಮಾನ ಹುಟ್ಟಿಸುವ ಬರವಣಿಗೆ ಹುಡುಕುತ್ತದೆ. ಕೋಡಿನ ಎಷ್ಟು ಭಾಗವನ್ನು ಟೆಸ್ಟ್‌ಗಳು ಮುಟ್ಟುತ್ತವೆ ಅಂತ ಕವರೇಜ್ ಲೆಕ್ಕ ಹಾಕುತ್ತದೆ. ಒಂದೊಂದು ಸಲ ಉಳಿಸಿದ ಬದಲಾವಣೆಗೆ ಕಮಿಟ್ ಅಂತ ಹೆಸರು; ಕಮಿಟ್ ಸಂದೇಶ ಹೀಗೇ ಇರಬೇಕು, ಬದಲಾವಣೆ ಪಟ್ಟಿಗೆ ಒಂದು ಸಾಲು ಸೇರಿಸಿರಬೇಕು, ಇಂಥ ನಿಯಮಗಳೂ ಇರುತ್ತವೆ.

ಇವುಗಳಲ್ಲಿ ಕೆಲವು ತುಂಬಾ ಹಳೆಯವು. ಸಿ ಭಾಷೆಗೆ ಲಿಂಟ್ ಅನ್ನುವ ಸಾಧನವನ್ನು ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ ಬರೆದದ್ದು 1978ರಲ್ಲಿ. ಆಗ ಅದರ ಮಾತು ಕೇಳುತ್ತಿದ್ದದ್ದು ಅದನ್ನು ಓಡಿಸಿದ ಪ್ರೋಗ್ರಾಮರ್ ಒಬ್ಬರೇ. ಬೈದರೂ ಮುಚ್ಚಿದ ಬಾಗಿಲ ಒಳಗೆ. 2011ರ ಹೊತ್ತಿಗೆ ಟ್ರಾವಿಸ್ ಸಿಐ ಅನ್ನುವ ಸೇವೆ ಬಂತು, ಬಹಿರಂಗ ಪ್ರಾಜೆಕ್ಟ್‌ಗಳಿಗೆ ಉಚಿತವಾಗಿ. 2019ರ ನವೆಂಬರ್‌ನಲ್ಲಿ ಗಿಟ್‌ಹಬ್‌ನದೇ ಸಿಐ ಆದ ಗಿಟ್‌ಹಬ್ ಆಕ್ಷನ್ಸ್ ಎಲ್ಲರಿಗೂ ಸಿಕ್ಕಿತು. ಸಾಧನ ಅದೇ, ಆದರೆ ಈಗ ಅದು ಮಾತಾಡುವುದು ಅಪರಿಚಿತರ ಜೊತೆ, ಅದೂ ಎಲ್ಲರ ಎದುರಿಗೆ. ಹೊಸ ತಪಾಸಣೆ ಸೇರಿಸಲು ಒಂದು ಫೈಲಿನಲ್ಲಿ ನಾಲ್ಕು ಸಾಲು ಬರೆದರೆ ಸಾಕು. ಹಾಗಾಗಿ ಏನಾದರೂ ಯಡವಟ್ಟಾದಾಗಲೆಲ್ಲ ಒಂದು ಸೇರುತ್ತದೆ. ತೆಗೆಯುವವರು ಯಾರೂ ಇಲ್ಲ. ತೆಗೆದ ಮರುದಿನವೇ ಏನಾದರೂ ಕೆಟ್ಟರೆ ಅಂತ ಎಲ್ಲರಿಗೂ ಭಯ.

ತಪಾಸಣೆ ಯಾಕೆ ಬೇಕು ಅನ್ನುವುದಕ್ಕೆ ಜಾಸ್ತಿ ವಾದ ಬೇಕಿಲ್ಲ. ಎಷ್ಟೋ ಪ್ರಾಜೆಕ್ಟ್‌ಗಳನ್ನು ನಡೆಸುವವರು ಒಬ್ಬರೋ ಇಬ್ಬರೋ, ಅದೂ ಬಿಡುವಿನ ವೇಳೆಯಲ್ಲಿ. ಬಂದದ್ದನ್ನೆಲ್ಲ ಕೈಯಾರೆ ಓಡಿಸಿ ನೋಡಲು ಅವರಿಗೆ ಆಗುವುದಿಲ್ಲ. ಅಕ್ಟೋಬರ್ ತಿಂಗಳಲ್ಲಿ ನಡೆಯುವ ಓಪನ್ ಸೋರ್ಸ್ ಹಬ್ಬ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ 2020ರಲ್ಲಿ ಏನಾಯಿತು ನೆನಪಿದೆಯಾ? ನಾಲ್ಕು ಪುಲ್ ರಿಕ್ವೆಸ್ಟ್ ಕಳಿಸಿದರೆ ಟೀಶರ್ಟ್ ಅಂತ ಇತ್ತು. ರೀಡ್‌ಮಿ ಫೈಲಿಗೆ ಅರ್ಥವಿಲ್ಲದ ಒಂದೊಂದು ಪದ ಸೇರಿಸಿ ಕಳಿಸಿದವರ ಪ್ರವಾಹವೇ ಬಂತು. ಕೊನೆಗೆ ಸಂಘಟಕರು ಹಬ್ಬದ ನಡುವೆಯೇ ನಿಯಮ ಬದಲಿಸಿ, ಒಪ್ಪಿಕೊಂಡ ಪ್ರಾಜೆಕ್ಟ್‌ಗಳಿಗೆ ಕಳಿಸಿದ್ದು ಮಾತ್ರ ಲೆಕ್ಕಕ್ಕೆ ಅಂತ ಮಾಡಬೇಕಾಯಿತು. ಬಾಗಿಲು ಹಾರುಹೊಡೆದರೆ ಒಳಗೆ ಬರುವವರೆಲ್ಲ ಕೊಡುಗೆ ಕೊಡಲೇ ಬರುವುದಿಲ್ಲ.

ಇನ್ನೊಂದು ವಿಷಯ ಇದೆ, ಇದನ್ನು ಜನ ಅಷ್ಟಾಗಿ ಗಮನಿಸುವುದಿಲ್ಲ. ಕೆಲವು ಸಲ ಯಂತ್ರ ಮನುಷ್ಯನಿಗಿಂತ ಮೃದು. ಹಿಂದೆ ಕೋಡ್ ಪರಿಶೀಲನೆಯಲ್ಲಿ ಅರ್ಧ ಮಾತು "ಇಲ್ಲಿ ಟ್ಯಾಬ್ ಯಾಕೆ, ಸ್ಪೇಸ್ ಹಾಕಿ" ಅನ್ನುವುದರಲ್ಲೇ ಮುಗಿದುಹೋಗುತ್ತಿತ್ತು. ಅದನ್ನು ಹಿರಿಯರೊಬ್ಬರು ಹೇಳಿದರೆ ಹೊಸಬರಿಗೆ ಮುಖಕ್ಕೆ ಹೊಡೆದ ಹಾಗೆ ಆಗುತ್ತದೆ. ಯಂತ್ರ ಹೇಳಿದರೆ ಅಷ್ಟು ನಾಟುವುದಿಲ್ಲ, ಎಲ್ಲರಿಗೂ ಒಂದೇ ಥರ ಹೇಳುತ್ತದೆ ಅಲ್ವಾ. ಗೋ ಭಾಷೆಯ ಜೊತೆಗೇ ಒಂದು ಫಾರ್ಮ್ಯಾಟರ್ ಬರುತ್ತದೆ, ಗೋಫಮ್ಟ್ ಅಂತ. ಅದರ ಶೈಲಿ ಯಾರಿಗೂ ಇಷ್ಟ ಇಲ್ಲ, ಆದರೆ ಗೋಫಮ್ಟ್ ಎಲ್ಲರಿಗೂ ಇಷ್ಟ ಅನ್ನುವ ಮಾತು ಆ ಭಾಷೆಯವರ ನಡುವೆ ಚಾಲ್ತಿಯಲ್ಲಿದೆ. ಶೈಲಿಯ ಜಗಳವೇ ನಿಂತುಹೋಯಿತು ಅನ್ನುವ ನೆಮ್ಮದಿ ಅದು.

ಯಂತ್ರ ಸರಿ ಮಾಡಬಲ್ಲದ್ದನ್ನು ಯಂತ್ರವೇ ಮಾಡಲಿ

ಫಾರ್ಮ್ಯಾಟಿಂಗ್ ವಿಷಯಕ್ಕೆ ಬಂದರೆ, ತಪ್ಪು ಎಲ್ಲಿದೆ ಅಂತ ಫಾರ್ಮ್ಯಾಟರಿಗೆ ಗೊತ್ತು. ಸರಿ ಹೇಗಿರಬೇಕು ಅಂತಲೂ ಗೊತ್ತು. ಹಾಗಿದ್ದ ಮೇಲೆ ಕೆಂಪು ಗುರುತು ಹಾಕಿ ಮನುಷ್ಯನನ್ನು ಓಡಿಸುವುದು ಯಾಕೆ? ಸರಿ ಮಾಡಿಬಿಟ್ಟರೆ ಆಯಿತು. ಇದು ಹೇಳಲು ಸುಲಭ, ಮಾಡಲು ಹೋದರೆ ಒಂದರ ಹಿಂದೆ ಒಂದು ತೊಡಕು. ಸ್ವಲ್ಪ ಹತ್ತಿರದಿಂದ ನೋಡೋಣ.

ಫೋರ್ಕ್‌ನಿಂದ ಬಂದ ಪುಲ್ ರಿಕ್ವೆಸ್ಟಿಗೆ ಗಿಟ್‌ಹಬ್ ಓದುವ ಹಕ್ಕು ಮಾತ್ರ ಕೊಡುತ್ತದೆ, ಪ್ರಾಜೆಕ್ಟಿನ ಗುಟ್ಟಿನ ಕೀಗಳನ್ನೂ (ಪಾಸ್‌ವರ್ಡ್ ಥರದವು) ಕೊಡುವುದಿಲ್ಲ. ಅಪರಿಚಿತರ ಕೋಡ್ ಓಡುತ್ತಿದೆ, ಇದು ಸರಿಯಾದ ಎಚ್ಚರಿಕೆಯೇ. ಆದರೆ ಇದರಿಂದಾಗಿ ಅದೇ ಓಟದಲ್ಲಿ, ಅಂದರೆ ತಪಾಸಣೆ ಓಡುತ್ತಿರುವಾಗಲೇ, ಕೋಡ್ ಸರಿಪಡಿಸಿ ವಾಪಸ್ ಬರೆಯಲು ಆಗುವುದಿಲ್ಲ. ಇದಕ್ಕೆ ಸುಲಭದ ದಾರಿ ಅಂತ ಕೆಲವರು ಪುಲ್ ರಿಕ್ವೆಸ್ಟ್ ಟಾರ್ಗೆಟ್ ಅನ್ನುವ ಇನ್ನೊಂದು ಬಗೆಯ ಓಟಕ್ಕೆ ಹೋಗುತ್ತಾರೆ. ಅದರಲ್ಲಿ ಬರೆಯುವ ಹಕ್ಕೂ ಇರಬಹುದು, ಕೀಗಳೂ ಸಿಗುತ್ತವೆ. ಅಲ್ಲಿ ಹೊರಗಿನವರ ಕೋಡನ್ನು ಇಳಿಸಿಕೊಂಡು ಓಡಿಸಿದರೆ ಮುಗಿಯಿತು, ಕೆಟ್ಟ ಉದ್ದೇಶದವರು ಕೀಗಳನ್ನು ಎತ್ತಿಕೊಂಡು ಹೋಗಬಹುದು. ಸ್ಪೇಸ್ ಸರಿ ಮಾಡಲು ಹೋಗಿ ಖಜಾನೆ ತೆರೆದಿಟ್ಟ ಹಾಗೆ.

ಬೇರೆ ದಾರಿಗಳಿವೆ. ಪ್ರೀ-ಕಮಿಟ್ ಡಾಟ್ ಸಿಐ ಥರದ ಬಾಟ್‌ಗಳು ಹೊರಗಿನಿಂದ ಬಂದು ಕಳಿಸಿದವರ ಬ್ರಾಂಚಿಗೇ (ಅವರ ಬದಲಾವಣೆಗಳಿರುವ ಕವಲಿಗೇ) ಒಂದು ಕಮಿಟ್ ಸೇರಿಸುತ್ತವೆ. "ಮೇಂಟೇನರ್‌ಗಳು ತಿದ್ದಬಹುದು" ಅನ್ನುವ ಚೌಕಕ್ಕೆ ಟಿಕ್ ಇದ್ದರೆ ಇದು ನಡೆಯುತ್ತದೆ. ಆದರೆ ಇದರಲ್ಲೂ ಒಂದು ಕೊಕ್ಕೆ ಇದೆ. ಕಳಿಸಿದವರ ಕಂಪ್ಯೂಟರ್‌ನಲ್ಲಿ ಆ ಬಾಟ್‌ನ ಕಮಿಟ್ ಇರುವುದಿಲ್ಲ. ಅವರು ಇನ್ನೊಂದು ಸಣ್ಣ ಬದಲಾವಣೆ ಮಾಡಿ ಪುಶ್ ಮಾಡಿದರೆ, ಅಂದರೆ ಗಿಟ್‌ಹಬ್‌ಗೆ ಕಳಿಸಿದರೆ, ಬದಲಾವಣೆಗಳ ಲೆಕ್ಕ ಇಡುವ ಗಿಟ್ ಸಾಧನ ಒಪ್ಪುವುದಿಲ್ಲ, "ರಿಜೆಕ್ಟೆಡ್" ಅನ್ನುತ್ತದೆ. ಪುಲ್ ಮಾಡಿ (ಅಲ್ಲಿರುವುದನ್ನು ಇಳಿಸಿಕೊಂಡು) ಆಮೇಲೆ ಪುಶ್ ಮಾಡಬೇಕು ಅಂತ ಗಿಟ್ ಬಲ್ಲವರಿಗೆ ಗೊತ್ತು. ಗಿಟ್ ಈಗಷ್ಟೇ ಕಲಿಯುತ್ತಿರುವವರಿಗೆ, ಯಾರೋ ತನ್ನ ಬ್ರಾಂಚ್ ಮುಟ್ಟಿದ್ದಾರೆ, ಈಗ ಏನು ಮಾಡಿದರೂ ಆಗುತ್ತಿಲ್ಲ ಅಂತ ಮಾತ್ರ ಗೊತ್ತಾಗುತ್ತದೆ. ಸಹಾಯ ಮಾಡಲು ಬಂದ ಬಾಟ್ ಇನ್ನೊಂದು ಗಂಟು ಹಾಕಿ ಹೋಯಿತು.

ಹಾಗಾಗಿ ನನಗೆ ಹಿಡಿಸುವುದು ಇನ್ನೂ ಸರಳವಾದ ಕ್ರಮ. ಪರಿಶೀಲನೆ ನಡೆಯುವಾಗ ಫಾರ್ಮ್ಯಾಟಿಂಗ್ ವಿಷಯ ಎತ್ತಲೇಬಾರದು. ಎಲ್ಲ ಮುಗಿದು ಸೇರಿಸಿಕೊಳ್ಳುವ ಹೊತ್ತಿಗೆ ಮೇಂಟೇನರ್ ಒಂದು ಕಮಾಂಡ್ ಓಡಿಸಿ ಸರಿ ಮಾಡಿ ಮರ್ಜ್ ಮಾಡುವುದು. ಅದೂ ಬೇಡ ಅಂದರೆ, ಒಂದು ಓಟ ತೇಪೆಯನ್ನು, ಅಂದರೆ ಬೇಕಾದ ತಿದ್ದುಪಡಿಯನ್ನು, ತಯಾರಿಸಿ ಇಡಲಿ, ಹಕ್ಕು ಇರುವ ಇನ್ನೊಂದು ಓಟ ಆ ಕೋಡನ್ನು ಓಡಿಸದೆ ತೇಪೆಯನ್ನು ಸಲಹೆಯಾಗಿ ಮಾತ್ರ ತೋರಿಸಲಿ. ಕಳಿಸಿದವರು ಒಂದು ಬಟನ್ ಒತ್ತಿ ಒಪ್ಪಿಕೊಳ್ಳಬಹುದು. ಬ್ರಾಂಚ್ ಅವರದ್ದೇ ಆಗಿ ಉಳಿಯುತ್ತದೆ.

ಕಮಿಟ್ ಸಂದೇಶದ ನಿಯಮವೂ ಇದೇ ಜಾತಿ. ಮೊದಲ ಪದ ಇಂಥದ್ದೇ ಇರಬೇಕು, ಆಮೇಲೆ ಕೋಲನ್ ಬರಬೇಕು ಅಂತ ತಪಾಸಣೆ ಇಟ್ಟಿರುತ್ತಾರೆ. ಆದರೆ ಅದೇ ಪ್ರಾಜೆಕ್ಟ್‌ನಲ್ಲಿ ಎಲ್ಲ ಕಮಿಟ್‌ಗಳನ್ನು ಹಿಂಡಿ ಒಂದು ಮಾಡಿ ಮರ್ಜ್ ಮಾಡುತ್ತಿದ್ದರೆ, ಕೊನೆಗೆ ಉಳಿಯುವ ಸಂದೇಶ ಮೇಂಟೇನರ್ ಬರೆದದ್ದು. ಅಳಿಸಿಹೋಗುವ ಸಾಲಿಗೆ ಕೆಂಪು ಗುರುತು ಹಾಕಿ ಏನು ಬಂತು? ತೆಗೆದುಬಿಡಿ.

ಕಳಿಸಿದವರೇ ಮಾಡಬೇಕಾದ್ದು

ಯಂತ್ರ ಮಾಡಲು ಬಾರದ, ಮಾಡಬಾರದ ಕೆಲಸಗಳೂ ಇವೆ. ಡಿಸಿಒ (ಡೆವಲಪರ್ ಸರ್ಟಿಫಿಕೇಟ್ ಆಫ್ ಆರಿಜಿನ್) ಅನ್ನುವ ಘೋಷಣೆ ಒಂದು ಒಳ್ಳೆಯ ಉದಾಹರಣೆ. ಈ ಕೋಡ್ ನಾನು ಬರೆದದ್ದು, ಇದನ್ನು ಕೊಡುವ ಹಕ್ಕು ನನಗಿದೆ ಅಂತ ಪ್ರತಿ ಕಮಿಟ್‌ನ ಕೊನೆಗೆ ಹೆಸರು, ಇಮೇಲ್ ಜೊತೆ "ಸೈನ್ಡ್ ಆಫ್ ಬೈ" ಸಾಲು ಹಾಕಬೇಕು. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಲಿನಕ್ಸ್ ಕರ್ನಲ್‌ನಲ್ಲಿ ಇದು 2004ರಲ್ಲಿ ಶುರುವಾಯಿತು, ಆಮೇಲೆ ಎಷ್ಟೋ ಪ್ರಾಜೆಕ್ಟ್‌ಗಳು ತೆಗೆದುಕೊಂಡವು. ಇದು ಕಾನೂನಿನ ಮಾತು, ಬಾಟ್ ನಿಮ್ಮ ಪರವಾಗಿ ಸಹಿ ಹಾಕಲು ಬರುವುದಿಲ್ಲ. ಹಾಗಾಗಿ ಇಲ್ಲಿ ಕೆಂಪು ಗುರುತು ನ್ಯಾಯವೇ. ಆದರೆ ಜೊತೆಗೆ ಏನು ಹೇಳುತ್ತೀರಿ ಅನ್ನುವುದು ಮುಖ್ಯ.

"ಡಿಸಿಒ ಫೇಲ್ಡ್" ಅಂತಷ್ಟೇ ಇದ್ದರೆ ಹೊಸಬರು ಇಡೀ ಮಧ್ಯಾಹ್ನ ಹುಡುಕಾಡುತ್ತಾರೆ. ಅದರ ಬದಲು ಹೀಗಿರಲಿ: "ನಿಮ್ಮ ಕೋಡಿನಲ್ಲಿ ತಪ್ಪಿಲ್ಲ. ಕಮಿಟ್‌ನಲ್ಲಿ ಸಹಿಯ ಸಾಲು ಒಂದು ಬಿಟ್ಟುಹೋಗಿದೆ. ಈ ಎರಡು ಕಮಾಂಡ್ ಓಡಿಸಿದರೆ ಸರಿಯಾಗುತ್ತದೆ. ಎರಡನೆಯದು ಫೋರ್ಸ್ ಪುಶ್, ನಿಮ್ಮ ಈ ಬ್ರಾಂಚಿಗೆ ಮಾತ್ರ ಅನ್ವಯ, ಹೆದರಬೇಡಿ." ಕೊನೆಯ ಪದ ಸುಮ್ನೆ ಹಾಕಿದ್ದಲ್ಲ. ಫೋರ್ಸ್ ಪುಶ್ ಅಂದರೆ ಆಗಲೇ ಕಳಿಸಿದ್ದರ ಮೇಲೆ ಬಲವಂತವಾಗಿ ಬರೆಯುವುದು. ಅದನ್ನು ಮಾಡಬೇಡಿ ಅಂತ ಎಲ್ಲ ಕಡೆ ಓದಿಕೊಂಡು ಬಂದವರಿಗೆ ಈಗ ಅದನ್ನೇ ಮಾಡಿ ಅಂದರೆ ಕೈ ನಡುಗುತ್ತದೆ. ಕಮಿಟ್ ಒಂದೇ ಇದ್ದಾಗ ಒಂದು ಕಮಾಂಡ್, ಹಲವು ಇದ್ದಾಗ ಬೇರೆ. ಕಮಿಟ್ ಎಷ್ಟಿವೆ ಅಂತ ಬಾಟ್‌ಗೆ ಗೊತ್ತಿರುತ್ತದೆ, ತಕ್ಕ ಕಮಾಂಡನ್ನೇ ಕೊಡಬಹುದು. ಇಷ್ಟು ಬರೆಯಲು ಮೇಂಟೇನರಿಗೆ ಅರ್ಧ ಗಂಟೆ ಸಾಕು. ಉಳಿಯುವುದು ಮುಂದೆ ಬರುವ ಎಲ್ಲರ ಮಧ್ಯಾಹ್ನ.

ಬದಲಾವಣೆ ಪಟ್ಟಿಯ ನಿಯಮ ಇನ್ನೂ ತಮಾಷೆ. ಕೆಲವು ಪೈಥಾನ್ ಪ್ರಾಜೆಕ್ಟ್‌ಗಳಲ್ಲಿ ಪ್ರತಿ ಬದಲಾವಣೆಗೂ ಒಂದು ಪುಟ್ಟ ಫೈಲ್ ಸೇರಿಸಬೇಕು. ಫೈಲಿನ ಹೆಸರಿನಲ್ಲಿ ಇಶ್ಯೂ (ಪ್ರಾಜೆಕ್ಟ್‌ನಲ್ಲಿ ದಾಖಲಾದ ಸಮಸ್ಯೆ) ಸಂಖ್ಯೆ ಇರಬೇಕು, ಇಶ್ಯೂ ಇಲ್ಲದಿದ್ದರೆ ಪುಲ್ ರಿಕ್ವೆಸ್ಟ್ ಸಂಖ್ಯೆ. ಆದರೆ ಕಳಿಸುವ ತನಕ ಪುಲ್ ರಿಕ್ವೆಸ್ಟಿಗೆ ಸಂಖ್ಯೆಯೇ ಹುಟ್ಟಿರುವುದಿಲ್ಲ! ಅಂದರೆ ಇಶ್ಯೂ ಇಲ್ಲದವರು ನಿಯಮ ಎಷ್ಟೇ ಚೆನ್ನಾಗಿ ಓದಿಕೊಂಡು ಬಂದರೂ ಮೊದಲ ಸಲ ಕೆಂಪು ಬೀಳುವುದು ಖಾತ್ರಿ. ಯಾರೂ ಬೇಕಂತ ಹೀಗೆ ಮಾಡಿದ್ದಲ್ಲ. ಒಳಗಿನವರಿಗೆ ಅಭ್ಯಾಸವಾಗಿದೆ, ಅಷ್ಟೇ.

ಯಾವಾಗ ಹೇಳುತ್ತೀರಿ ಅನ್ನುವುದರ ತೂಕವೂ ದೊಡ್ಡದು. ಫೇಸ್‌ಬುಕ್‌ನಲ್ಲಿ ಇನ್ಫರ್ ಅನ್ನುವ ದೋಷ ಹುಡುಕುವ ಸಾಧನವನ್ನು ಮೊದಲು ರಾತ್ರಿಯೆಲ್ಲ ಓಡಿಸಿ, ಸಿಕ್ಕ ತಪ್ಪುಗಳ ಪಟ್ಟಿಯನ್ನು ಡೆವಲಪರ್‌ಗಳಿಗೆ ಹಂಚಿದರು. ಸರಿ ಮಾಡಿದವರು ಹೆಚ್ಚುಕಡಿಮೆ ಯಾರೂ ಇಲ್ಲ. ಅದೇ ಸಾಧನವನ್ನು ಕೋಡ್ ಪರಿಶೀಲನೆಗೆ ಕೊಟ್ಟ ಹೊತ್ತಿನಲ್ಲೇ ಓಡಿಸಿ, ಆಯಾ ಸಾಲಿನ ಪಕ್ಕದಲ್ಲೇ ತೋರಿಸಿದಾಗ ಸರಿ ಮಾಡುವ ಪ್ರಮಾಣ ಶೇ. 70ರ ಹತ್ತಿರಕ್ಕೆ ಹೋಯಿತು ಅಂತ ಅದನ್ನು ಕಟ್ಟಿದವರೇ 2019ರಲ್ಲಿ ಬರೆದಿದ್ದಾರೆ. ಗೂಗಲ್‌ನವರ ಲೆಕ್ಕ ಇನ್ನೊಂದು ಥರ. ಒಂದು ಎಚ್ಚರಿಕೆ ತಾಂತ್ರಿಕವಾಗಿ ಸರಿಯಿದ್ದರೂ, ಅದನ್ನು ನೋಡಿದ ಡೆವಲಪರ್ ಏನೂ ಮಾಡದೆ ಬಿಟ್ಟರೆ ಅದನ್ನು ಸುಳ್ಳು ಎಚ್ಚರಿಕೆ ಅಂತಲೇ ಎಣಿಸುತ್ತಾರೆ. ಅಂಥವು ಶೇ. 10ಕ್ಕಿಂತ ಕಡಿಮೆ ಇರಬೇಕು. ಈ ಅಳತೆ ನನಗೆ ತುಂಬಾ ಹಿಡಿಸಿತು. ತಪಾಸಣೆ ಸರಿಯಿದೆಯಾ ಅಂತ ತೀರ್ಮಾನ ಮಾಡುವುದು ಅದನ್ನು ಬರೆದವರಲ್ಲ, ಅದನ್ನು ಅನುಭವಿಸುವವರು.

ಕಂಪನಿಯ ಒಳಗಿರುವವರು ಸಂಬಳ ತೆಗೆದುಕೊಂಡು ಇಷ್ಟು ಗೊಣಗುತ್ತಾರೆ ಅಂದಮೇಲೆ, ಪುಕ್ಕಟೆ ಕೆಲಸ ಮಾಡಲು ಬಂದವರ ತಾಳ್ಮೆ ಎಷ್ಟಿದ್ದೀತು? ಹಾಗಾಗಿ ಸಿಐನಲ್ಲಿ ಓಡುವುದೆಲ್ಲ ಮನೆಯ ಕಂಪ್ಯೂಟರ್‌ನಲ್ಲೂ ಒಂದೇ ಕಮಾಂಡಿಗೆ ಓಡಬೇಕು. ಎರಡೂ ಕಡೆ ಲಿಂಟರ್‌ನ ಆವೃತ್ತಿ ಒಂದೇ ಇರಬೇಕು. ಆವೃತ್ತಿಯನ್ನು ಕಟ್ಟಿಹಾಕದೆ ಬಿಟ್ಟಿದ್ದರೆ ಏನಾಗುತ್ತದೆ ನೋಡಿ: ನಿನ್ನೆ ರಾತ್ರಿ ಲಿಂಟರ್‌ನ ಹೊಸ ಆವೃತ್ತಿ ಬಂತು, ಅದರಲ್ಲಿ ಎರಡು ಹೊಸ ನಿಯಮ ಸೇರಿವೆ. ಇವತ್ತು ಬೆಳಿಗ್ಗೆ ಪುಲ್ ರಿಕ್ವೆಸ್ಟ್ ಕಳಿಸಿದವರಿಗೆ ಅವರು ಮುಟ್ಟದೇ ಇರುವ ಫೈಲುಗಳಲ್ಲಿ ನಲವತ್ತು ತಪ್ಪು ಅಂತ ಸಿಐ ಹೇಳುತ್ತದೆ. ಮನೆಯಲ್ಲಿ ಓಡಿಸಿದಾಗ ಎಲ್ಲ ಹಸಿರಾಗೇ ಇತ್ತು.

ಕಳಿಸಿದವರ ಕೈಯಲ್ಲಿ ಇಲ್ಲದ್ದು

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಆ ಜಾತಿಯ ತಪಾಸಣೆಗಳೇ ನನ್ನ ಪ್ರಕಾರ ಅತಿ ಹೆಚ್ಚು ಹಾನಿ ಮಾಡುವವು. ಮೇಲೆ ಹೇಳಿದ ನಲವತ್ತು ತಪ್ಪು ಅದಕ್ಕೊಂದು ಮಾದರಿ. ಹಳೆಯ ಕೋಡಿನ ಪಾಪ ಹಳೆಯ ಕೋಡಿಗೇ ಇರಲಿ. ರೂಬಿ ಭಾಷೆಯ ರೂಬೊಕಾಪ್ ಅನ್ನುವ ತಪಾಸಕದಲ್ಲಿ ಇದಕ್ಕೆ ಟೂಡೂ ಫೈಲ್ ಇದೆ, ಪಿಎಚ್‌ಪಿ ಭಾಷೆಯ ಪಿಎಚ್‌ಪಿಸ್ಟ್ಯಾನ್‌ನಲ್ಲಿ ಬೇಸ್‌ಲೈನ್ ಇದೆ. ಈಗಿರುವ ತಪ್ಪುಗಳನ್ನೆಲ್ಲ ಒಂದು ಫೈಲಿನಲ್ಲಿ ಬರೆದಿಟ್ಟು, ಇನ್ನು ಮುಂದೆ ಹೊಸದು ಬಂದರೆ ಮಾತ್ರ ಹೇಳು ಅನ್ನುವ ಏರ್ಪಾಡು. ಇಡೀ ಕೋಡನ್ನು ಒಮ್ಮೆಗೇ ಸರಿ ಮಾಡುವ ದಾರಿಯೂ ಇದೆ. 2022ರ ಫೆಬ್ರವರಿಯಲ್ಲಿ ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಜಾಂಗೋ ತನ್ನ ಪೂರ್ತಿ ಕೋಡನ್ನು ಬ್ಲ್ಯಾಕ್ ಅನ್ನುವ ಫಾರ್ಮ್ಯಾಟರಿಗೆ ಒಪ್ಪಿಸಿತು. ಹೀಗೆ ಮಾಡಿದರೆ ಯಾವ ಸಾಲು ಯಾರು ಬರೆದದ್ದು ಅನ್ನುವ ಇತಿಹಾಸ ಮಸುಕಾಗುತ್ತದೆ ಅನ್ನುವ ದೂರು ಮೊದಲಿಂದ ಇತ್ತು. 2019ರ ಗಿಟ್ 2.23ರಲ್ಲಿ ಅಂಥ ಕಮಿಟ್‌ಗಳನ್ನು ಲೆಕ್ಕದಿಂದ ಬಿಡುವ ಅನುಕೂಲ ಬಂದ ಮೇಲೆ ಆ ದೂರಿಗೆ ಅಷ್ಟು ಬಲ ಇಲ್ಲ. ಒಂದು ಎಚ್ಚರ ಮಾತ್ರ ಇರಲಿ. ಆ ದಿನ ತೆರೆದಿರುವ ಪುಲ್ ರಿಕ್ವೆಸ್ಟ್‌ಗಳಲ್ಲಿ ಬಹುಪಾಲಿಗೆ ಸಂಘರ್ಷ (ಒಂದೇ ಸಾಲನ್ನು ಎರಡೂ ಕಡೆ ಬದಲಿಸಿದ ಗೊಂದಲ) ಬರುತ್ತದೆ. ಅದನ್ನು ಬಿಡಿಸಿಕೊಡುವ ಕೆಲಸ ಪ್ರಾಜೆಕ್ಟ್‌ನವರದ್ದು, ಕಳಿಸಿ ಕಾಯುತ್ತಾ ಕೂತವರದ್ದಲ್ಲ.

ಕವರೇಜ್ ಲೆಕ್ಕ ಇನ್ನೂ ವಿಚಿತ್ರ. ಮೊದಲಿಗಿಂತ ಕಡಿಮೆಯಾಗಬಾರದು ಅನ್ನುವ ನಿಯಮ ಕೇಳಲು ಚೆನ್ನಾಗಿದೆ. ಒಂದು ಪ್ರಾಜೆಕ್ಟ್‌ನಲ್ಲಿ 1000 ಸಾಲು ಕೋಡ್ ಇದೆ, ಅದರಲ್ಲಿ 900 ಸಾಲನ್ನು ಟೆಸ್ಟ್‌ಗಳು ಮುಟ್ಟುತ್ತವೆ ಅಂದುಕೊಳ್ಳಿ. ಕವರೇಜ್ ಶೇ. 90. ಯಾರೋ ಒಬ್ಬರು ಬಂದು, ಇನ್ನು ಬೇಡವಾದ 100 ಸಾಲನ್ನು ಅದರ ಟೆಸ್ಟ್ ಸಮೇತ ತೆಗೆದುಹಾಕುತ್ತಾರೆ. ಒಳ್ಳೆಯ ಕೆಲಸ. ಈಗ ಉಳಿದದ್ದು 900 ಸಾಲು, ಟೆಸ್ಟ್ ಇರುವುದು 800ಕ್ಕೆ. ಕವರೇಜ್ ಶೇ. 88.9. ಕೆಂಪು! ಇದನ್ನು ಹಸಿರು ಮಾಡಬೇಕಾದರೆ ಅವರು ತಮಗೆ ಸಂಬಂಧವೇ ಇಲ್ಲದ ಯಾವುದೋ ಮೂಲೆಯ ಕೋಡಿಗೆ ಟೆಸ್ಟ್ ಬರೆಯಬೇಕು. ಈ ಬದಲಾವಣೆಯಲ್ಲಿ ಹೊಸದಾಗಿ ಸೇರಿದ ಸಾಲುಗಳಿಗೆ ಟೆಸ್ಟ್ ಇದೆಯಾ ಅಂತ ಕೇಳುವುದು ನ್ಯಾಯ. ಒಟ್ಟು ಶೇಕಡಾ ಅನ್ನುವುದು ಪ್ರಾಜೆಕ್ಟಿನ ಆರೋಗ್ಯದ ಲೆಕ್ಕ, ಅದನ್ನು ಒಬ್ಬರ ತಲೆಗೆ ಕಟ್ಟಲು ಬರುವುದಿಲ್ಲ.

ಇನ್ನು ಕೀಗಳ ಕಥೆ. ಫೋರ್ಕ್‌ನಿಂದ ಬಂದವರಿಗೆ ಗುಟ್ಟಿನ ಕೀಗಳು ಸಿಗುವುದಿಲ್ಲ ಅಂತ ಆಗಲೇ ಹೇಳಿದೆ. ಯಾವುದೋ ಒಂದು ತಪಾಸಣೆಗೆ ಆ ಕೀ ಬೇಕು ಅಂತಿಟ್ಟುಕೊಳ್ಳಿ, ಪ್ರಿವ್ಯೂ ಸೈಟ್ ಏರಿಸುವುದೋ ವರದಿ ಕಳಿಸುವುದೋ. ಒಳಗಿನವರು ಪ್ರಾಜೆಕ್ಟ್‌ನಲ್ಲೇ ಬ್ರಾಂಚ್ ಮಾಡಿ ಕಳಿಸುತ್ತಾರೆ, ಅವರಿಗೆ ಯಾವಾಗಲೂ ಹಸಿರು. ಹೊರಗಿನವರಿಗೆ ಯಾವಾಗಲೂ ಕೆಂಪು. ಈ ತಪಾಸಣೆ ಕೋಡನ್ನು ಅಳೆಯುತ್ತಿಲ್ಲ, ಕಳಿಸಿದವರು ಯಾರು ಅಂತ ಅಳೆಯುತ್ತಿದೆ. ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗದೇ ಇರಬಹುದು. ಹೊಸಬರಿಗೆ ಇದು ಮಾಮೂಲಾ ಅಲ್ಲವಾ ಗೊತ್ತಿಲ್ಲ, ಹಳಬರಿಗೆ ಅದು ಕಾಣುವುದೇ ಇಲ್ಲ.

ಒಮ್ಮೆ ಪಾಸಾಗಿ ಇನ್ನೊಮ್ಮೆ ಫೇಲಾಗುವ ಟೆಸ್ಟ್‌ಗಳನ್ನೂ ಇದೇ ಸಾಲಿಗೆ ಸೇರಿಸಿ. "ಓ ಅದಾ, ಅದು ಹಾಗೇ, ಮತ್ತೊಮ್ಮೆ ಓಡಿಸಿ" ಅಂತ ಒಳಗಿನವರು ಹೇಳಬಲ್ಲರು. ಹೊರಗಿನವರು ತಮ್ಮ ಮೂರು ಸಾಲಿನಲ್ಲಿ ಏನು ತಪ್ಪಾಯಿತು ಅಂತ ಹುಡುಕುತ್ತಲೇ ಇರುತ್ತಾರೆ. ಮತ್ತೊಮ್ಮೆ ಓಡಿಸುವ ಬಟನ್ ಕೂಡ ಅವರಿಗೆ ಸಿಗುವುದಿಲ್ಲ. ಅಂಥ ಟೆಸ್ಟನ್ನು ಸರಿ ಮಾಡುವ ತನಕ ಕಡ್ಡಾಯದ ಪಟ್ಟಿಯಿಂದ ಹೊರಗೆ ಇಡಬೇಕು.

ಕೆಂಪೂ ಅಲ್ಲ, ಹಸಿರೂ ಅಲ್ಲ

ಕೆಂಪಿಗಿಂತ ಕೆಟ್ಟದ್ದು, ಫಲಿತಾಂಶ ಇನ್ನೂ ಬಂದಿಲ್ಲ ಅನ್ನುವ ಹಳದಿ ಚುಕ್ಕೆ ಅಂತ ನನಗನ್ನಿಸುತ್ತದೆ. ಗಿಟ್‌ಹಬ್‌ನ ಉಚಿತ ಸರ್ವರ್‌ಗಳಲ್ಲಿ ಕ್ರಿಪ್ಟೋ ಕಾಸು ಗಣಿಗಾರಿಕೆ ಮಾಡಲು ಜನ ಪುಲ್ ರಿಕ್ವೆಸ್ಟ್ ಕಳಿಸತೊಡಗಿದರು. ಅದಕ್ಕೆ 2021ರ ಏಪ್ರಿಲ್‌ನಲ್ಲಿ ಒಂದು ನಿಯಮ ಬಂತು: ಮೊದಲ ಸಲ ಕಳಿಸುವವರ ತಪಾಸಣೆ ಓಡಬೇಕಾದರೆ ಮೇಂಟೇನರ್ ಒಪ್ಪಿಗೆ ಕೊಡಬೇಕು. ಕುಬರ್ನೆಟಿಸ್ ಅನ್ನುವ ದೊಡ್ಡ ಪ್ರಾಜೆಕ್ಟ್‌ನಲ್ಲೂ ಇಂಥದ್ದೇ ಕ್ರಮ, ಸದಸ್ಯರೊಬ್ಬರು "ಓಕೆ ಟು ಟೆಸ್ಟ್" ಅಂದ ಮೇಲೆಯೇ ಟೆಸ್ಟ್ ಓಡುವುದು. ಇದರಲ್ಲಿ ತಪ್ಪೇನಿಲ್ಲ. ಆದರೆ ಆ ಒಪ್ಪಿಗೆಯ ಬಟನ್ ಒತ್ತಲು ಎರಡು ವಾರ ತೆಗೆದುಕೊಂಡರೆ, ಆಮೇಲೆ ಕೆಂಪು ಬಿದ್ದು, ಸರಿ ಮಾಡಿ ಕಳಿಸಿದಾಗ ಮತ್ತೆ ಒಪ್ಪಿಗೆಗೆ ಎರಡು ವಾರ ಅಂದರೆ, ಕಳಿಸಿದವರಿಗೆ ತಾವು ಏನು ಬರೆದೆವು ಅನ್ನುವುದೇ ಮರೆತುಹೋಗಿರುತ್ತದೆ. ಬೇರೆಲ್ಲ ಬಿಟ್ಟರೂ ಆ ಬಟನ್ ಬೇಗ ಒತ್ತಿ.

ಇನ್ನೊಂದು ಹಳದಿ ಕೊನೆಯೇ ಇಲ್ಲದ್ದು. ಡಾಕ್ಯುಮೆಂಟೇಶನ್ ಮಾತ್ರ ಬದಲಾದರೆ ಟೆಸ್ಟ್ ಓಡಿಸುವುದು ಬೇಡ ಅಂತ ಫೈಲಿನ ಜಾಗ ನೋಡಿ ಓಟ ತಪ್ಪಿಸುವ ಏರ್ಪಾಡು ಮಾಡುತ್ತಾರೆ. ಜಾಣತನವೇ. ಆದರೆ ಅದೇ ಟೆಸ್ಟ್ ಕಡ್ಡಾಯದ ಪಟ್ಟಿಯಲ್ಲೂ ಇದ್ದರೆ, ಗಿಟ್‌ಹಬ್ ಅದರ ಫಲಿತಾಂಶಕ್ಕಾಗಿ ಕಾಯುತ್ತಲೇ ಇರುತ್ತದೆ. ಓಟವೇ ಶುರುವಾಗಿಲ್ಲ, ಫಲಿತಾಂಶ ಎಲ್ಲಿಂದ ಬರಬೇಕು? ಕಾಗುಣಿತ ತಪ್ಪು ತಿದ್ದಿ ಕಳಿಸಿದವರ ಪುಲ್ ರಿಕ್ವೆಸ್ಟ್ ಹಾಗೇ ನೇತಾಡುತ್ತದೆ. ಕಾಗುಣಿತ ತಿದ್ದುವುದರಿಂದಲೇ ಶುರು ಮಾಡುವ ಹೊಸಬರು ಎಷ್ಟೋ ಜನ, ಅವರಿಗೇ ಈ ಗತಿ.

ಎಲ್ಲಿ ಬಗ್ಗಬಾರದು

ಇಷ್ಟೆಲ್ಲ ಹೇಳಿದ ಮೇಲೆ, ಒಂದು ಕಡೆ ನಾನು ಸಡಿಲ ಬಿಡಲು ತಯಾರಿಲ್ಲ. ಟೆಸ್ಟ್‌ಗಳು. ಮುಖ್ಯ ಬ್ರಾಂಚ್ ಯಾವಾಗಲೂ ಎಲ್ಲ ಟೆಸ್ಟ್ ಪಾಸಾಗುವ ಸ್ಥಿತಿಯಲ್ಲೇ ಇರಬೇಕು ಅನ್ನುವುದು ರಸ್ಟ್ ಭಾಷೆಯ ಪ್ರಾಜೆಕ್ಟ್ ಬಹಳ ವರ್ಷಗಳಿಂದ ಹಿಡಿದುಕೊಂಡು ಬಂದ ನಿಯಮ. ಮರ್ಜ್ ಆದ ಮೇಲೆ ಹೇಗಿರುತ್ತದೋ ಆ ರೂಪವನ್ನೇ ಬಾಟ್ ಮೊದಲು ಪರೀಕ್ಷಿಸುತ್ತದೆ, ಪಾಸಾದರೆ ಮಾತ್ರ ಸೇರಿಸುತ್ತದೆ. ಹೊಸಬರಿಗೂ ಇದರಿಂದ ಲಾಭವೇ. ಮುಖ್ಯ ಬ್ರಾಂಚ್ ಕೆಟ್ಟಿದ್ದರೆ ಅದನ್ನು ಇಳಿಸಿಕೊಂಡ ಹೊಸಬರಿಗೆ ಮೊದಲ ದಿನವೇ ಏನೂ ಓಡುವುದಿಲ್ಲ.

ಶೈಲಿಯ ವಿಷಯದಲ್ಲಿ ಲಿನಕ್ಸ್ ಕರ್ನಲ್‌ನ ನಿಲುವು ಗಮನಿಸಬೇಕಾದ್ದು. ಕಟ್ಟುನಿಟ್ಟಿಗೆ ಹೆಸರಾದ ಪ್ರಾಜೆಕ್ಟ್ ಅದು. ಅಲ್ಲಿ ಚೆಕ್‌ಪ್ಯಾಚ್ ಅನ್ನುವ ಶೈಲಿ ತಪಾಸಕ ಇದೆ. ಅದರ ಬಗ್ಗೆ ಅವರ ಸ್ವಂತ ದಾಖಲೆಯೇ ಹೇಳುವುದು, ಇದು ದಾರಿ ತೋರಿಸಲು ಮಾತ್ರ, ಮನುಷ್ಯರ ವಿವೇಚನೆಗೆ ಬದಲಿ ಅಲ್ಲ, ನಿಯಮ ಮುರಿದರೆ ಕೋಡ್ ಚೆನ್ನಾಗಿ ಕಾಣುತ್ತದೆ ಅಂದರೆ ಹಾಗೇ ಬಿಡಿ ಅಂತ. ಒಂದು ಸಾಲಿಗೆ 80 ಅಕ್ಷರ ಅನ್ನುವ ಹಳೆಯ ಮಿತಿಯ ಎಚ್ಚರಿಕೆಯನ್ನೂ 2020ರಲ್ಲಿ 100ಕ್ಕೆ ಏರಿಸಿದರು. ಸಾಲು ಮುರಿದು ಮುರಿದು ಕೋಡ್ ಓದಲು ಕಷ್ಟವಾಗುತ್ತಿತ್ತು.

ಈಚೆಗೆ ಇನ್ನೊಂದು ಬೆಳವಣಿಗೆ ಆಗಿದೆ. ಎಐ ಬರೆದ ಕೋಡ್ ಫಾರ್ಮ್ಯಾಟಿಂಗ್, ಲಿಂಟ್ ಎರಡನ್ನೂ ಸಲೀಸಾಗಿ ದಾಟುತ್ತದೆ. ಸಂದೇಶ ಚಂದ, ಟೆಸ್ಟ್ ಕೂಡ ಇರುತ್ತದೆ, ಎಲ್ಲ ಹಸಿರು. ಓದಿ ನೋಡಿದರೆ ಇಲ್ಲದ ಸಮಸ್ಯೆಗೆ ಪರಿಹಾರ. ಕಳಿಸಿದವರನ್ನು ಕೇಳಿದರೆ ಅವರಿಗೂ ಗೊತ್ತಿಲ್ಲ. ಅಂದಚಂದ ನೋಡುವ ತಪಾಸಣೆಗಳು ಮೊದಲು ಕಾಳಜಿ ಇರುವವರನ್ನು ಒಂದಿಷ್ಟು ಸೋಸಿ ಕೊಡುತ್ತಿದ್ದವು. ಈಗ ಅದು ಉಲ್ಟಾ ಆಗಿದೆ. ಕೈಯಾರೆ ಬರೆದ ಹೊಸಬರು ಸ್ಪೇಸ್ ತಪ್ಪಿ ಸಿಕ್ಕಿಹಾಕಿಕೊಳ್ಳುತ್ತಾರೆ, ಏನೂ ಯೋಚಿಸದೆ ಕಳಿಸಿದವರು ಹಾಯಾಗಿ ಒಳಗೆ ಬರುತ್ತಾರೆ. ಹಾಗಾಗಿ ಮೇಂಟೇನರ್‌ನ ಸಮಯ ಉಳಿಸಲು ಇನ್ನಷ್ಟು ಲಿಂಟ್ ನಿಯಮ ಹಾಕುತ್ತೇವೆ ಅನ್ನುವವರಿಗೆ ನನ್ನ ಒಪ್ಪಿಗೆ ಇಲ್ಲ. ಯಾವ ಇಶ್ಯೂ ಸರಿ ಮಾಡುತ್ತಿದ್ದೀರಿ, ಮೊದಲು ಏನಾಗುತ್ತಿತ್ತು, ಈಗ ಏನಾಗುತ್ತದೆ ಅಂತ ಎರಡು ಸಾಲು ಬರೆಯಿರಿ ಅಂತ ಕೇಳುವುದೇ ಹೆಚ್ಚು ಉಪಯೋಗ. ಅದನ್ನು ಓದಬೇಕಾದ್ದು ಮಾತ್ರ ಮನುಷ್ಯರೇ.

ನಿಮ್ಮದೇ ಪ್ರಾಜೆಕ್ಟ್ ಇದ್ದರೆ ನೋಡುವ ವಿಧಾನ ಕಷ್ಟದ್ದಲ್ಲ. ಕಳೆದ ಆರು ತಿಂಗಳಲ್ಲಿ ಮೊದಲ ಸಲ ಕಳಿಸಿದವರ ಪುಲ್ ರಿಕ್ವೆಸ್ಟ್‌ಗಳನ್ನು ತೆಗೆಯಿರಿ. ಮರ್ಜ್ ಆದವು ಮಾತ್ರ ಅಲ್ಲ, ಅರ್ಧಕ್ಕೆ ಬಿಟ್ಟುಹೋದವೂ ಬೇಕು. ಒಂದೊಂದು ಕೆಂಪು ಗುರುತಿನ ಮುಂದೆಯೂ ಅದನ್ನು ಸರಿ ಮಾಡಬಲ್ಲವರು ಯಾರಿದ್ದರು, ಅದು ನಿಜವಾದ ಬಗ್ ಹಿಡಿಯಿತಾ ಅಂತ ಬರೆದುಕೊಳ್ಳಿ. ಆರು ತಿಂಗಳಲ್ಲಿ ಒಂದೂ ಬಗ್ ಹಿಡಿಯದ, ಹೊಸಬರನ್ನು ಮಾತ್ರ ತಡೆದ ತಪಾಸಣೆಯನ್ನು ಕಡ್ಡಾಯದಿಂದ ಸಲಹೆಗೆ ಇಳಿಸಿ. ಇಳಿಸುವಾಗ ಆ ತಪಾಸಣೆಯ ಹೆಸರನ್ನು ಗಿಟ್‌ಹಬ್‌ನ ಬ್ರಾಂಚ್ ರಕ್ಷಣೆಯ ಪಟ್ಟಿಯಿಂದಲೂ (ಕಡ್ಡಾಯ ತಪಾಸಣೆಗಳ ಪಟ್ಟಿ ಅದೇ) ತೆಗೆಯಬೇಕು. ಸಿಐ ಫೈಲಿನಲ್ಲಿ ಮಾತ್ರ ಅಳಿಸಿ ಸುಮ್ಮನಾದರೆ, ಇಲ್ಲದ ತಪಾಸಣೆಗೆ ಗಿಟ್‌ಹಬ್ ಕಾಯುತ್ತಾ ಕೂರುತ್ತದೆ, ಆವಾಗ ಎಲ್ಲರ ಪುಲ್ ರಿಕ್ವೆಸ್ಟೂ ಹಳದಿಯಲ್ಲೇ ನಿಲ್ಲುತ್ತದೆ.